ಶಾಲಿಗಿಂತ ಸಂಬಳ ಮೇಲು

ಜಂಬೂಸವಾರಿಯ ದಿನ ಕಂಸಾಳೆ, ಪೂಜಾ ಕುಣಿತ, ವೀರಗಾಸೆ, ಡೊಳ್ಳು ಕುಣಿತದ ತಂಡಗಳು ಅರಮನೆಯಿಂದ ಬನ್ನಿಮಂಟಪದ ದಾರಿ ಹಿಡಿದಾಗ ಮೈಸೂರು ಅವರನ್ನು ಕಣ್ತುಂಬ ನೋಡುತ್ತದೆ. ವಿಜಯದಶಮಿ ಕಳೆದ ಮೇಲೆ ಅವರಲ್ಲಿ ಎಷ್ಟೋ ಮಂದಿ ಹೊಲಕ್ಕೋ ಕೂಲಿಗೋ ಮರಳುತ್ತಾರೆ. ಮುಂದಿನ ಕಾರ್ಯಕ್ರಮದ ಕರೆ ಯಾವಾಗ ಬರುತ್ತದೆಂಬುದು ಅವರಿಗೇ ತಿಳಿದಿರುವುದಿಲ್ಲ. ಹಾಡನ್ನೋ ವಾದ್ಯವನ್ನೋ ನೆಚ್ಚಿ ಒಬ್ಬರು ಬಾಳ್ವೆ ಮಾಡಬಹುದೆ? ಮಾಡಬಹುದಾದರೆ, ಅದಕ್ಕೆ ಬೇಕಾದುದೇನು? ಪ್ರತಿಭೆ ನಮ್ಮಲ್ಲಿ ಎಂದೂ ಕಡಿಮೆಯಾಗಿಲ್ಲ, ಜನರ ಪ್ರೀತಿಯೂ ಬತ್ತಿಲ್ಲ. ಇಲ್ಲದಿರುವುದು ವರ್ಷವಿಡೀ ಕೆಲಸ ಕೊಟ್ಟು ಅದಕ್ಕೆ ತಕ್ಕ ಸಂಬಳ ಕೊಡುವ ಏರ್ಪಾಡು. ಇದು ನನ್ನ ವಾದ.

ಅಂಥ ಏರ್ಪಾಡು ಈ ಊರಿಗೆ ಹೊಸತಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ವೀಣೆ ಶೇಷಣ್ಣ, ವಾಸುದೇವಾಚಾರ್ಯ, ಮುತ್ತಯ್ಯ ಭಾಗವತರಂಥವರು ಆಸ್ಥಾನ ವಿದ್ವಾಂಸರಾಗಿದ್ದರು. ಅವರ ಜೊತೆಗೆ ಅರಮನೆ ಕರ್ನಾಟಕ ವಾದ್ಯವೃಂದವನ್ನೂ ಇಂಗ್ಲಿಷ್ ಬ್ಯಾಂಡನ್ನೂ ಸಾಕಿತ್ತು. ಬ್ಯಾಂಡನ್ನು ತಿದ್ದಿ ನಡೆಸಲು ಜರ್ಮನಿಯ ಒಟ್ಟೊ ಷ್ಮಿಟ್ ಬಂದಿದ್ದರು. ಮುಂದೆ ಜಯಚಾಮರಾಜ ಒಡೆಯರು, ಲಂಡನ್ನಿನಲ್ಲಿ ಮುಪ್ಪು ಮತ್ತು ಕಾಯಿಲೆಯಲ್ಲಿ ದಿನ ನೂಕುತ್ತಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು; ಅದಕ್ಕಾಗಿ ಮೆಟ್ನರ್ ಸೊಸೈಟಿಯೇ ಹುಟ್ಟಿತು. ರಾಜಾಶ್ರಯವನ್ನು ಕೊಂಡಾಡಲು ಈ ಮಾತು ಹೇಳುತ್ತಿಲ್ಲ. ಅದು ದೊರೆಯೊಬ್ಬನ ಅಭಿರುಚಿಯ ಮೇಲೆ ನಿಂತಿತ್ತು. ವಿದ್ವಾಂಸರ ಆ ಸಾಲಿನಲ್ಲಿ ತಮಟೆಯವರಿಗೆ, ಕಂಸಾಳೆಯವರಿಗೆ ಜಾಗವಿರಲಿಲ್ಲ. ಆದರೆ ವಾದಕನಿಗೆ ನಿಶ್ಚಿತ ಸಂಬಳ ಸಿಕ್ಕಿದರೆ ಏನಾಗುತ್ತದೆ ಎಂಬುದನ್ನು ಅದು ತೋರಿಸಿಕೊಟ್ಟಿತು.

ಕದ್ರಿ ಗೋಪಾಲನಾಥರ ಬದುಕು ಇದಕ್ಕೆ ಒಳ್ಳೆಯ ನಿದರ್ಶನ. 1949ರಲ್ಲಿ ಬಂಟ್ವಾಳದ ಬಳಿಯ ಸಜಿಪಮೂಡದಲ್ಲಿ ಹುಟ್ಟಿದ ಅವರು ನಾಗಸ್ವರ ವಾದಕ ತನಿಯಪ್ಪನವರ ಮಗ. ಅವರ ಕಿವಿಗೆ ಸ್ಯಾಕ್ಸೊಫೋನಿನ ದನಿ ಬಿದ್ದದ್ದು ಮೈಸೂರು ಅರಮನೆಯ ಬ್ಯಾಂಡಿನಿಂದ. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆಮೇಲೆ ಚೆನ್ನೈಯಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತು, ಗಮಕಕ್ಕೆ ಒಗ್ಗದ ಆ ಪಾಶ್ಚಾತ್ಯ ವಾದ್ಯವನ್ನು ವರ್ಷಗಟ್ಟಲೆ ಪಳಗಿಸಿದರು. 1980ರ ಮುಂಬೈ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಅವರೊಂದಿಗೆ ನುಡಿಸಿದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಕಛೇರಿ, 2004ರಲ್ಲಿ ಪದ್ಮಶ್ರೀ. ಅಮೆರಿಕದಲ್ಲಿ ಬೆಳೆದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಇವರ ಧ್ವನಿಮುದ್ರಿಕೆ ಕೇಳಿ ಬೆರಗಾಗಿ, ಮುಂದೆ ಇವರನ್ನು ಅರಸಿ ಬಂದರು. ಇಬ್ಬರೂ ಸೇರಿ ನುಡಿಸಿದ ‘ಕಿನ್ಸ್‌ಮೆನ್’ 2008ರಲ್ಲಿ ಹೊರಬಂತು. ಇಂದು ಕರಾವಳಿಯ ಮದುವೆ, ಉತ್ಸವಗಳಲ್ಲಿ ಸ್ಯಾಕ್ಸೊಫೋನ್ ನಮ್ಮದೇ ಮಂಗಳವಾದ್ಯದಂತೆ ಮೊಳಗುತ್ತದೆ, ಅದನ್ನೇ ಕಸುಬಾಗಿಸಿಕೊಂಡ ಮನೆಗಳಿವೆ. ಅರಮನೆ ಬ್ಯಾಂಡಿನ ವಾದಕರಿಗೆ ಸಂಬಳ ಕೊಟ್ಟವರು ಇದ್ಯಾವುದನ್ನೂ ಊಹಿಸಿರಲಾರರು. ಕಲೆಗೆ ಕೊಟ್ಟ ಸಂಬಳದ ಫಲ ಕೊಟ್ಟವರ ಲೆಕ್ಕವನ್ನು ಮೀರಿ ಬೆಳೆಯುತ್ತದೆ.

ಜಾಝ್‌ನ ಇತಿಹಾಸವೂ ಇದೇ ಪಾಠ ಹೇಳುತ್ತದೆ. ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಈ ಸಂಗೀತ 1930ರ ದಶಕದಲ್ಲಿ ದೊಡ್ಡ ಬ್ಯಾಂಡುಗಳ ಮೂಲಕ ನೂರಾರು ವಾದಕರಿಗೆ ಅನ್ನ ಕೊಟ್ಟಿತು. ಎರಡನೆಯ ಮಹಾಯುದ್ಧದ ಬಳಿಕ ಆ ಬ್ಯಾಂಡುಗಳು ಒಂದೊಂದಾಗಿ ಮುಚ್ಚಿದಾಗ ವಾದಕರು ರಾತ್ರಿ ಕ್ಲಬ್ಬುಗಳ ದಿನಗೂಲಿಗೆ ಇಳಿದರು. ಅನೇಕರನ್ನು ಕಾಲೇಜುಗಳ ಪಾಠದ ಕೆಲಸ ಕಾಪಾಡಿತು. ಜರ್ಮನಿಯ ಸಾರ್ವಜನಿಕ ಬಾನುಲಿಗಳು ಬೇರೆ ಹಾದಿ ಹಿಡಿದವು. ಕೊಲೋನ್, ಹ್ಯಾಂಬರ್ಗ್, ಫ್ರಾಂಕ್‌ಫರ್ಟ್‌ನ ಬಾನುಲಿಗಳು ಜಾಝ್ ಬ್ಯಾಂಡುಗಳನ್ನು ಕಟ್ಟಿ ವಾದಕರನ್ನು ಸಂಬಳಕ್ಕೆ ಇಟ್ಟುಕೊಂಡಿವೆ. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ನೆಲೆ ಕಂಡುಕೊಂಡದ್ದು ಜರ್ಮನಿಯಲ್ಲೇ. ಅವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನ ಆರ್.ಎ. ರಮಾಮಣಿ, ಟಿ.ಎ.ಎಸ್. ಮಣಿ ಅವರೊಂದಿಗೆ ಮಾಡಿದ ‘ಜ್ಯೋತಿ’ ಧ್ವನಿಮುದ್ರಿಕೆ 1983ರಲ್ಲಿ ಬಂದದ್ದು ಜರ್ಮನಿಯ ಕಂಪನಿಯಿಂದ.

ಇನ್ನು ನಮ್ಮ ಜನಪದ ಹಾಡುಗಾರರ ಕಡೆ ಬರೋಣ. ಮಾದಪ್ಪನ ಕಥೆ ಹಾಡುವ ದೇವರಗುಡ್ಡರು, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರು ಮೈಸೂರು, ಚಾಮರಾಜನಗರ ಸೀಮೆಯ ನಡೆದಾಡುವ ಗ್ರಂಥಗಳು. ದೀಕ್ಷೆ ಪಡೆದು, ತಂಬೂರಿ, ಗಗ್ಗರ, ಡಕ್ಕಿ, ಕಂಸಾಳೆ ಹಿಡಿದು, ರಾತ್ರಿಯಿಡೀ ಕಥೆ ನಡೆಸಬಲ್ಲವರು. ಮಾದಪ್ಪನ ಬೆಟ್ಟ, ಚಿಕ್ಕಲ್ಲೂರು, ಕಪ್ಪಡಿ ಜಾತ್ರೆಗಳು ಅವರ ವೇದಿಕೆಗಳು. ಹಿಂದೆ ಸುಗ್ಗಿಯಲ್ಲಿ ಕಣದಿಂದ ಬರುವ ಕಾಳು, ಭಿಕ್ಷೆಯ ರಾಗಿ ಅವರ ಒಲೆ ಉರಿಸುತ್ತಿದ್ದವು. ಆ ವ್ಯವಸ್ಥೆ ಸೊಗಸಾಗಿತ್ತೆಂದು ಹೇಳಲಾಗದು. ತಮಟೆ ಬಡಿಯುವುದನ್ನು ಒಂದು ಜಾತಿಯ ಹೆಗಲಿಗೆ ಕಟ್ಟಿ, ಕೂಲಿಯ ಬದಲು ಉಳಿದ ಅನ್ನ ಕೊಟ್ಟ ಊರುಗಳು ನಮ್ಮವೇ. ಆ ಅವಮಾನ ಸಾಕೆಂದು ತಮಟೆ ಕೆಳಗಿಟ್ಟ ಯುವಕರ ನಿರ್ಧಾರ ನ್ಯಾಯವಾದದ್ದು. ಅವರು ತಿರುಗಿ ತಮಟೆ ಎತ್ತಿಕೊಳ್ಳಬೇಕಾದರೆ ಅದು ಕಟ್ಟುಪಾಡಾಗಿ ಇರಬಾರದು, ಆರಿಸಿಕೊಂಡ ಉದ್ಯೋಗವಾಗಿರಬೇಕು. ಸಂಬಳದ ನಿಜವಾದ ಬೆಲೆ ಇಲ್ಲಿದೆ: ಅದು ಕಲೆಯನ್ನು ಜಾತಿಯ ಋಣದಿಂದ ಬಿಡಿಸುತ್ತದೆ.

ಕರಾವಳಿಯ ಯಕ್ಷಗಾನವನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ಅಲ್ಲಿ ದೇವಸ್ಥಾನದ ಹೆಸರಿನಲ್ಲಿ ಮೇಳಗಳಿವೆ. ತಿರುಗಾಟದ ಉದ್ದಕ್ಕೂ ಕಲಾವಿದನಿಗೆ ಒಪ್ಪಂದದ ಸಂಬಳವಿದೆ. ಕಟೀಲಿನಂಥ ಮೇಳಗಳ ಹರಕೆಯಾಟಕ್ಕೆ ಭಕ್ತರು ವರ್ಷಗಳ ಮುಂಚೆಯೇ ಹೆಸರು ಬರೆಸುತ್ತಾರೆ. ಮಳೆಗಾಲದ ತಿಂಗಳುಗಳ ಕಷ್ಟ ಅಲ್ಲಿಯೂ ತೀರಿಲ್ಲ, ನಿಜ. ಆದರೂ ಹುಡುಗನೊಬ್ಬ ಭಾಗವತನಾಗುತ್ತೇನೆ ಎಂದರೆ ಮನೆಯವರಿಗೆ ದಾರಿ ಕಾಣುತ್ತದೆ. ನಮ್ಮ ಸೀಮೆಯ ಹುಡುಗ ಕಂಸಾಳೆಯವನಾಗುತ್ತೇನೆ ಎಂದರೆ ದಾರಿ ಕಾಣುವುದಿಲ್ಲ. ಎರಡೂ ಕಡೆ ಭಕ್ತಿ ಒಂದೇ, ಕಲೆಯ ಆಳವೂ ಒಂದೇ. ಬೇರೆಯಾದದ್ದು ಏರ್ಪಾಡು ಮಾತ್ರ.

ಸರಕಾರ ಏನೂ ಮಾಡಿಲ್ಲವೆಂದಲ್ಲ. ಪ್ರತ್ಯೇಕ ಜಾನಪದ ಅಕಾಡೆಮಿ ಇದೆ, ರಾಜ್ಯೋತ್ಸವ ಪ್ರಶಸ್ತಿ ಇದೆ, ಕಲಾವಿದರಿಗೆ ಮಾಸಾಶನವಿದೆ. ಆದರೆ ಪ್ರಶಸ್ತಿ ಸಾಧನೆ ಮುಗಿದ ಮೇಲೆ ಬರುತ್ತದೆ, ಮಾಸಾಶನ ಮೈಯ ಕಸುವು ತಗ್ಗಿದ ಮೇಲೆ ಬರುತ್ತದೆ. ಇಪ್ಪತ್ತರಿಂದ ಐವತ್ತರವರೆಗಿನ, ಅಂದರೆ ಕಲಿಯುವ, ಹಾಡುವ, ಮಕ್ಕಳನ್ನು ಸಾಕುವ ವಯಸ್ಸಿಗೆ ಉಳಿಯುವುದು ಬಿಡಿ ಕಾರ್ಯಕ್ರಮಗಳ ಗೌರವಧನ. ಮಹಾಕಾವ್ಯವೊಂದನ್ನು ಬಾಯಲ್ಲಿ ಉಳಿಸಿಕೊಳ್ಳಲು ದಿನನಿತ್ಯದ ಅಭ್ಯಾಸ ಬೇಕು. ಹೊಟ್ಟೆಪಾಡಿಗೆ ಬೇರೆ ಕೆಲಸಕ್ಕೆ ಹೋಗುವವನಿಗೆ ಆ ಹೊತ್ತು ಎಲ್ಲಿಂದ ಬರಬೇಕು?

ಪರಿಹಾರದ ಮಾದರಿ ಮೈಸೂರಿನಲ್ಲೇ ಇದೆ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ರಂಗಾಯಣ ಶುರುವಾದಾಗ, ನಟನಟಿಯರನ್ನು ತಿಂಗಳ ಸಂಬಳದ ರೆಪರ್ಟರಿ ಕಲಾವಿದರನ್ನಾಗಿ ತೆಗೆದುಕೊಳ್ಳಲಾಯಿತು. ನಾಳೆಯ ಅಕ್ಕಿಯ ಚಿಂತೆ ಇಲ್ಲದೆ ವರ್ಷಗಟ್ಟಲೆ ಒಟ್ಟಿಗೆ ದುಡಿದ ಆ ತಂಡ ಈ ಊರಿನ ರಂಗಾಭಿರುಚಿಯನ್ನೇ ಬದಲಿಸಿತು. ಹಾಗೆಯೇ ಅರಮನೆಯ ಬ್ಯಾಂಡುಗಳ ಪರಂಪರೆ ಪೊಲೀಸ್ ವಾದ್ಯವೃಂದದಲ್ಲಿ ಇಂದಿಗೂ ಉಸಿರಾಡುತ್ತಿದೆ. ಅಲ್ಲಿನ ವಾದಕರು ಸರಕಾರಿ ನೌಕರರು. ಕೊಳಲು, ತುತ್ತೂರಿಗೆ ಸಂಬಳ ಕೊಡಬಲ್ಲ ಸರಕಾರ ತಂಬೂರಿ, ಕಂಸಾಳೆಗೆ ಕೊಡಲಾಗದೆ? ಮೈಸೂರಿನಲ್ಲಿ ಒಂದು ಜನಪದ ರೆಪರ್ಟರಿ ಬರಲಿ. ಇಪ್ಪತ್ತು ಮೂವತ್ತು ಕಲಾವಿದರು, ಹಿರಿಯರೂ ಕಿರಿಯರೂ ಕೂಡಿ, ಗಂಡಸರಷ್ಟೇ ಹೆಂಗಸರೂ ಇರಲಿ. ಶಾಲೆಗಳಲ್ಲಿ ಕಲಿಸುವುದು, ಜಾತ್ರೆಗಳಲ್ಲಿ ಹಾಡುವುದು, ಬೇರೆ ಸಂಗೀತದವರೊಂದಿಗೆ ಹೊಸತನ್ನು ಕಟ್ಟುವುದು ಅವರ ವರ್ಷದ ಕೆಲಸವಾಗಲಿ. ಮಾನಸಗಂಗೋತ್ರಿಯಲ್ಲಿ ಜಾನಪದ ವಸ್ತುಸಂಗ್ರಹಾಲಯವಿದೆ. ವಾದ್ಯವನ್ನು ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡುವ ನಾಡು ಅದನ್ನು ನುಡಿಸುವ ಕೈಯನ್ನೂ ಕಾಪಾಡಬೇಕು.

ಸಂಬಳ ಬಂದರೆ ಭಕ್ತಿ ಹೋಗುತ್ತದೆ, ಜನಪದ ಸರಕಾರಿ ಕಚೇರಿಯಾಗುತ್ತದೆ ಎಂಬ ಅಳುಕು ಹಲವರಿಗಿದೆ. ಆ ಅಪಾಯ ನಿಜವೇ. ಆಡಳಿತ ಅಧಿಕಾರಿಗಳ ಕೈಗೇ ಹೋಗದೆ ಕಲಾವಿದರ ಕೈಯಲ್ಲಿದ್ದರೆ, ಜಾತ್ರೆಯ ಹಾಡುಗಾರಿಕೆಗೆ ರಜೆ ಕೇಳಬೇಕಾದ ಸ್ಥಿತಿ ಬರದಿದ್ದರೆ, ಅದನ್ನು ತಡೆಯಬಹುದು. ಆದರೆ ಹಸಿವಿನಿಂದಲೇ ಹಾಡಿಗೆ ಪಾವಿತ್ರ್ಯ ಬರುತ್ತದೆಂಬ ನಂಬಿಕೆ ಹೊಟ್ಟೆ ತುಂಬಿದವರದು. ನೀಲಗಾರರ ಜೋಳಿಗೆಗೆ ಬಿದ್ದ ರಾಗಿ ಅವರ ಭಕ್ತಿಯನ್ನು ಕೆಡಿಸಲಿಲ್ಲ. ತಿಂಗಳ ಸಂಬಳವೂ ಕೆಡಿಸದು.

ಇದರ ಜೊತೆಗೆ ಹಕ್ಕಿನ ಮಾತೂ ಇದೆ. ಪರಂಪರೆಯ ಹಾಡಿಗೆ ಕರ್ತೃ ಇಲ್ಲವೆಂದು ಸಿನಿಮಾದವರೂ ಧ್ವನಿಮುದ್ರಣ ಕಂಪನಿಗಳೂ ಅದನ್ನು ಸಲೀಸಾಗಿ ಎತ್ತಿಕೊಳ್ಳುತ್ತಾರೆ. ಹಾಡು ಎಲ್ಲರದೂ ಹೌದು, ಹಾಡಿದ ದನಿ ಹಾಡಿದವನದು. 1994ರ ತಿದ್ದುಪಡಿ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರಿಗೆ ಹಕ್ಕು ಕೊಟ್ಟಿತು, 2012ರದು ಅದನ್ನು ಬಲಪಡಿಸಿತು. ಧ್ವನಿಮುದ್ರಣಕ್ಕೆ ಕರೆದವರು ತಂದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಅದನ್ನು ಓದಿ ಹೇಳುವವರು ಕಲಾವಿದನ ಪಕ್ಕದಲ್ಲಿರಬೇಕು. ಅಕಾಡೆಮಿಯೂ ವಿಶ್ವವಿದ್ಯಾಲಯವೂ ಮನಸ್ಸು ಮಾಡಿದರೆ ಇದು ಕಷ್ಟದ ಕೆಲಸವಲ್ಲ.

ಕಲಾವಿದರನ್ನು ಪೂಜಿಸುವುದರಲ್ಲಿ ನಾವು ಹಿಂದೆ ಬಿದ್ದಿಲ್ಲ. ಅವರನ್ನು ದುಡಿಯುವವರೆಂದು ಒಪ್ಪುವುದರಲ್ಲಿ ಹಿಂದೆ ಬಿದ್ದಿದ್ದೇವೆ. ದುಡಿಮೆಗೆ ತಿಂಗಳ ಕೊನೆಗೆ ಕೂಲಿ ಸಲ್ಲಬೇಕೆಂಬುದನ್ನು ಬೇರೆಲ್ಲ ಕಸುಬಿನಲ್ಲಿ ಒಪ್ಪಿದ ಸಮಾಜ ಹಾಡುವ ಕಸುಬಿನಲ್ಲೂ ಒಪ್ಪಲಿ. ಮುಂದಿನ ಬಜೆಟ್ಟಿನಲ್ಲಿ ಮೈಸೂರು ಕೇಳಬೇಕಾದದ್ದು ಇನ್ನೊಂದು ಪ್ರಶಸ್ತಿಯನ್ನಲ್ಲ, ಈ ಸಂಬಳವನ್ನು.