ತಲುಪಿದ ದಿನವೇ ತಿರುಗಾಟ ಬೇಕೆ?

ಮಕ್ಕಳನ್ನೂ ವಯಸ್ಸಾದ ತಂದೆತಾಯಿಯನ್ನೂ ಕರೆದುಕೊಂಡು ವಿದೇಶಕ್ಕೆ ಹೋಗಿಬರುವುದು ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಈಗ ಅಪರೂಪವೇನಲ್ಲ. ಅನೇಕರು ಮೊದಲು ಆರಿಸಿಕೊಳ್ಳುವ ಊರು ಸಿಂಗಪುರ. ಬೆಂಗಳೂರಿನಿಂದ ನೇರ ವಿಮಾನವಿದೆ, ಊರು ಸುರಕ್ಷಿತ, ಸಸ್ಯಾಹಾರಕ್ಕೂ ಕೊರತೆಯಿಲ್ಲ. ಎಲ್ಲಿ ಉಳಿಯಬೇಕು, ಏನೇನು ನೋಡಬೇಕು ಎಂದು ತಿಂಗಳುಗಟ್ಟಲೆ ಚರ್ಚೆ ನಡೆಯುತ್ತದೆ. ತಲುಪಿದ ದಿನವನ್ನು ಹೇಗೆ ಕಳೆಯಬೇಕು ಎಂಬ ಪ್ರಶ್ನೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಆ ದಿನ ಸ್ಥಳಗಳನ್ನು ನೋಡುವ ಗೋಜಿಗೇ ಹೋಗಬಾರದು, ಅದನ್ನು ಮನೆಯವರಿಗಾಗಿ ಬಿಡಬೇಕು ಎಂಬುದು ನನ್ನ ವಾದ.

ಹೊತ್ತಿನ ಲೆಕ್ಕವನ್ನೇ ತೆಗೆದುಕೊಳ್ಳಿ. ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ, ಪ್ರಯಾಣ ಸುಮಾರು ನಾಲ್ಕೂವರೆ ಗಂಟೆಯದು. ರಾತ್ರಿ 11ಕ್ಕೆ ಹೊರಟವರು ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿಯುವಾಗ ಅಲ್ಲಿ ಬೆಳಗಿನ 6, ನಮ್ಮ ಮೈಗೆ ಇನ್ನೂ ಮೂರೂವರೆ. ಮೈಸೂರು, ಹಾಸನದ ಕಡೆಯವರು ಹಿಂದಿನ ಮಧ್ಯಾಹ್ನವೇ ಮನೆಗೆ ಬೀಗ ಹಾಕಿ, ಬೆಂಗಳೂರನ್ನು ದಾಟಿ ದೇವನಹಳ್ಳಿ ಸೇರಿರುತ್ತಾರೆ. ಹೋಟೆಲಿನ ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ 2 ಅಥವಾ 3ರ ಮೇಲೆ. ನಡುವೆ ಉಳಿಯುವ ಏಳೆಂಟು ಗಂಟೆಗಳನ್ನು ಎಷ್ಟೋ ಪ್ಯಾಕೇಜುಗಳು ‘ಸಿಟಿ ಟೂರ್’ ಎಂದು ತುಂಬಿಬಿಡುತ್ತವೆ. ನಿದ್ದೆಗೆಟ್ಟ ಕುಟುಂಬ ವಿಮಾನದಿಂದ ಇಳಿದು ನೇರವಾಗಿ ಬಸ್ಸು ಹತ್ತುತ್ತದೆ.

ಹೀಗೆ ಬಂದವರನ್ನು ಮೆರ್ಲಯನ್ ಪ್ರತಿಮೆಯ ಮುಂದೆ ನೋಡಬೇಕು. ಸಿಂಹದ ತಲೆ, ಮೀನಿನ ಮೈಯ ಆ ಪ್ರತಿಮೆ 1972ರಲ್ಲಿ ನಿಂತದ್ದು, 8.6 ಮೀಟರ್ ಎತ್ತರದ್ದು. ಅದರ ಬಾಯಿಂದ ಚಿಮ್ಮುವ ನೀರಿನ ಕಡೆ ಅಪ್ಪ ಫೋನು ಹಿಡಿದಿರುತ್ತಾನೆ. ಅಜ್ಜಿ ಮೆಟ್ಟಿಲ ಮೇಲೆ ಕೂತಿರುತ್ತಾರೆ. ರಾತ್ರಿಯಿಡೀ ಕಾಲು ಇಳಿಬಿಟ್ಟು ಪಾದ ಊದಿದ್ದರಿಂದ, ಪ್ರವಾಸಕ್ಕೆಂದೇ ಕೊಂಡ ಹೊಸ ಶೂ ಅರ್ಧಕ್ಕೇ ನಿಂತಿರುತ್ತದೆ. ಸೊಸೆ ಒಂದು ಕೈಯಲ್ಲಿ ಅಳುವ ಮಗುವನ್ನು ಎತ್ತಿಕೊಂಡು, ಇನ್ನೊಂದರಲ್ಲಿ ಚೀಲ ತಡಕಿ ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ ಹುಡುಕುತ್ತಿರುತ್ತಾಳೆ. ಅದನ್ನು ಯಾವ ಊರಿನ ಗಡಿಯಾರಕ್ಕೆ ಕೊಡಬೇಕೆಂದು ಯಾರೂ ಯೋಚಿಸಿರುವುದಿಲ್ಲ. ಸಮಭಾಜಕ ವೃತ್ತಕ್ಕೆ ಇಷ್ಟು ಹತ್ತಿರದ ಊರಲ್ಲಿ ಬಿಸಿಲೇರುತ್ತಿದ್ದಂತೆ ಸೆಕೆ ಬೇರೆ. ಸಂಜೆ ಗಾರ್ಡನ್ಸ್ ಬೈ ದ ಬೇಯಲ್ಲಿ ದೀಪಗಳ ಪ್ರದರ್ಶನ ಶುರುವಾಗುವ ಹೊತ್ತಿಗೆ ಮಗು ಅಮ್ಮನ ಹೆಗಲ ಮೇಲೆ ನಿದ್ದೆ ಹೋಗಿರುತ್ತದೆ. ವಿಮಾನದ ಟಿಕೆಟ್ ಕೊಂಡದ್ದೂ ಆಯಿತು, ಮೈಲಿಗಟ್ಟಲೆ ಬಂದದ್ದೂ ಆಯಿತು; ನೋಡಿದ್ದೇನು?

‘ಇಷ್ಟು ದುಡ್ಡು ಸುರಿದು ಹೋಗಿ ಒಂದು ದಿನ ಸುಮ್ಮನೆ ಕೂರುವುದೇ?’ ಎಂದು ಕೇಳುವವರಿದ್ದಾರೆ. ಇದು ನ್ಯಾಯವಾದ ಪ್ರಶ್ನೆ. ರಜೆ ಒಟ್ಟುಗೂಡಿಸಿ, ವರ್ಷಗಟ್ಟಲೆ ಉಳಿಸಿ ಹೊರಟವರಿಗೆ ಪ್ರತಿ ಗಂಟೆಯೂ ಬೆಲೆಯುಳ್ಳದ್ದು. ಆದರೆ ದಣಿದ ಕಣ್ಣಿಗೆ ತೋರಿಸಿದ ಸ್ಥಳ ಪಟ್ಟಿಯಲ್ಲಿ ಉಳಿಯುತ್ತದೆಯೇ ಹೊರತು ನೆನಪಿನಲ್ಲಿ ಉಳಿಯುವುದಿಲ್ಲ. ಮೊದಲ ದಿನದ ದಣಿವು ಎರಡನೆಯ ದಿನವನ್ನೂ ತಿನ್ನುತ್ತದೆ; ಮನೆಮಂದಿಯ ನಡುವೆ ಸಿಡುಕು ಶುರುವಾಗುವುದು ಅಲ್ಲಿಂದಲೇ. ಜೊತೆಗೆ, ಸಿಂಗಪುರ ಪೂರ್ವದಿಂದ ಪಶ್ಚಿಮಕ್ಕೆ 50 ಕಿಲೋಮೀಟರಿನಷ್ಟಿರುವ ದ್ವೀಪ. ಇಂದು ಬಿಟ್ಟದ್ದನ್ನು ನಾಳೆ ನೋಡಲು ಅಡ್ಡಿಯೇನಿಲ್ಲ.

ಸ್ಥಳಗಳನ್ನು ಬಿಟ್ಟರೆ ದಿನ ಖಾಲಿಯಾಗುತ್ತದೆ ಎಂದುಕೊಳ್ಳುವುದೂ ಸರಿಯಲ್ಲ. ಸಾಮಾನನ್ನು ಹೋಟೆಲಿನಲ್ಲಿ ಇಟ್ಟು, ಲಿಟ್ಲ್ ಇಂಡಿಯಾ ಮೆಟ್ರೊ ನಿಲ್ದಾಣದ ಪಕ್ಕದಲ್ಲೇ ಇರುವ ಟೆಕ್ಕಾ ಸೆಂಟರಿಗೆ ಹೋಗಿ. ಒಂದು ಕಡೆ ತರಕಾರಿ, ಮೀನಿನ ಮಾರುಕಟ್ಟೆ. ಇನ್ನೊಂದು ಕಡೆ ಸಾಲುಸಾಲು ಊಟದ ಅಂಗಡಿಗಳು. ಕರಿಬೇವು, ಬಾಳೆಎಲೆ ಕಂಡರೆ ಅಜ್ಜಿಯ ಮುಖ ಅರಳುತ್ತದೆ. ಮಗುವಿಗೆ ಇಡ್ಲಿ ಸಿಗುತ್ತದೆ. ಉಂಡವರು ಏನು ಮಾಡುತ್ತಾರೆಂದು ಗಮನಿಸಿ: ತಟ್ಟೆ, ಲೋಟವಿದ್ದ ಟ್ರೇಯನ್ನು ತಾವೇ ಎತ್ತಿ ಗೂಡಿಗೆ ತಂದಿಡುತ್ತಾರೆ. ಹಲಾಲ್ ಊಟದ ಟ್ರೇಗಳಿಗೆ ಬೇರೆಯೇ ಗೂಡು. 2021ರಿಂದ ಇದು ಕಡ್ಡಾಯ, ಮತ್ತೆ ಮತ್ತೆ ತಪ್ಪಿದವರಿಗೆ ದಂಡವೂ ಉಂಟು. ಚೀನೀ, ಮಲಯ, ತಮಿಳು ಜನ ಒಂದೇ ಸೂರಿನಡಿ ತಮ್ಮ ತಮ್ಮ ಊಟವನ್ನು ಬಿಡದೆ ಒಟ್ಟಿಗೆ ಕೂತು ಉಣ್ಣುವ ಈ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿಕೊಂಡಿದೆ. ಹತ್ತು ವರ್ಷದ ಹುಡುಗನಿಗೆ ಆ ಟ್ರೇಯನ್ನು ಗೂಡಿಗೆ ಇಡಲು ಹೇಳಿ. ಮಲಯ, ಚೀನೀ, ತಮಿಳು, ಇಂಗ್ಲಿಷ್ ನಾಲ್ಕೂ ಅಲ್ಲಿ ಅಧಿಕೃತ ಭಾಷೆಗಳು; ಫಲಕಗಳಲ್ಲಿ ಯಾವ ಭಾಷೆ ಯಾವುದೆಂದು ಗುರುತಿಸಲು ಹೇಳಿ. ಆ ಊರು ಹೇಗೆ ಬದುಕುತ್ತದೆ ಎಂಬುದು ಅವನಿಗೆ ಬಸ್ಸಿನ ಕಿಟಕಿಗಿಂತ ಚೆನ್ನಾಗಿ ಇಲ್ಲಿ ತಿಳಿಯುತ್ತದೆ.

ನಮ್ಮ ಪ್ರವಾಸ ಸಾಹಿತ್ಯವೂ ಇದನ್ನೇ ಹೇಳುತ್ತದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಅಮೆರಿಕದಲ್ಲಿ ಗೊರೂರು’ ಕೃತಿಯನ್ನು ಓದುಗರು ಪ್ರೀತಿಯಿಂದ ನೆನೆಯುವುದು ಅಲ್ಲಿನ ಎತ್ತರದ ಕಟ್ಟಡಗಳಿಗಾಗಿ ಅಲ್ಲ, ಜನರ ದಿನನಿತ್ಯದ ಬದುಕನ್ನು ಹತ್ತಿರದಿಂದ ಕಂಡ ಕಣ್ಣಿಗಾಗಿ. ಹಾಗೆ ಕಾಣಲು ಪುರುಸೊತ್ತು ಬೇಕು.

ಗುಂಪು ಪ್ರವಾಸವೇ ಬೇಡವೆಂದು ನಾನು ಹೇಳುತ್ತಿಲ್ಲ. ಭಾಷೆ ಬಾರದ, ಒಬ್ಬರೇ ಓಡಾಡಲು ಅಳುಕುವ ಹಿರಿಯರಿಗೆ ಅದು ದೊಡ್ಡ ಆಸರೆ. ವೀಸಾ, ಆಗಮನದ ಅರ್ಜಿ, ವಾಹನ, ಊಟ ಎಲ್ಲವನ್ನೂ ಪ್ರವಾಸ ಸಂಸ್ಥೆಯವರು ನೋಡಿಕೊಳ್ಳುತ್ತಾರೆ. ಆದರೆ ಮೊದಲ ದಿನವನ್ನು ಬದಲಿಸಿಕೊಡಿ ಎಂದು ಕೇಳುವ ಹಕ್ಕು ಹಣ ಕೊಟ್ಟವರಿಗಿದೆ. ನಾವು ಕೇಳುವುದಿಲ್ಲ, ಅವರು ಬದಲಿಸುವುದಿಲ್ಲ. ಐದು ದಿನದಲ್ಲಿ ಹತ್ತು ಸ್ಥಳ ಎಂಬ ಜಾಹೀರಾತಿಗೆ ಮನಸೋಲುವವರು ನಾವೇ ತಾನೆ?

ಆದ್ದರಿಂದ ಮುಂದಿನ ರಜೆಗೆ ಟಿಕೆಟ್ ತೆಗೆಯುವ ಮೊದಲು ಇಷ್ಟು ಮಾಡಿ. ಹಗಲಿನ ವಿಮಾನ ಸಿಗುತ್ತದೆಯೇ ನೋಡಿ; ಸಂಜೆ ತಲುಪಿ, ಊಟ ಮಾಡಿ ಮಲಗಬಹುದು. ರಾತ್ರಿ ವಿಮಾನವೇ ಅನಿವಾರ್ಯವಾದರೆ ಬೆಳಿಗ್ಗೆಯೇ ಕೋಣೆ ಸಿಗುವಂತೆ ಮೊದಲೇ ಮಾತಾಡಿಕೊಳ್ಳಿ, ಅದಕ್ಕೆ ಸ್ವಲ್ಪ ಹೆಚ್ಚಿಗೆ ತೆರಬೇಕಾದರೂ ಸರಿ. ಮಾತ್ರೆಯ ಹೊತ್ತನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಮೊದಲ ದಿನದ ಕಾರ್ಯಕ್ರಮವನ್ನು ಮನೆಯ ಅತಿ ಹಿರಿಯರ ಮತ್ತು ಅತಿ ಕಿರಿಯರ ಶಕ್ತಿಗೆ ತಕ್ಕಂತೆ ಹಾಕಿಕೊಳ್ಳಿ. ಕುಟುಂಬದ ಪ್ರವಾಸ ಎಂದ ಮೇಲೆ ಅದು ಕುಟುಂಬದ ಎಲ್ಲರಿಗೂ ಸೇರಬೇಕು.