ರಿಂಗ್ ತುಸು ಕೆಳಗಿಳಿಯಲಿ

ಬಾಸ್ಕೆಟ್‌ಬಾಲ್ ಎತ್ತರದವರ ಆಟವೆಂಬ ನಂಬಿಕೆ ನಮ್ಮ ಶಾಲೆಗಳಲ್ಲಿ ಬೇರೂರಿದೆ. ತಂಡಕ್ಕೆ ಆಯ್ಕೆಯಾದ 12 ಮಕ್ಕಳು ಆಡುತ್ತಾರೆ. ಉಳಿದವರು ಅಂಗಳದ ಅಂಚಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾರೆ. ನಮಗೆ ಚಿಂತೆಯಿರುವುದು ಈ ಕುಳಿತವರ ಬಗೆಗೆ.

ಹತ್ತು ವರ್ಷದ ಬಾಲಕಿಯ ಮುಂದೆ 3.05 ಮೀಟರ್ ಎತ್ತರದ ರಿಂಗನ್ನೂ ದೊಡ್ಡವರ ಚೆಂಡನ್ನೂ ಇಟ್ಟರೆ ಅವಳು ಮೈಯೆಲ್ಲ ತಿರುಚಿ ಎಸೆದು, ನಾಲ್ಕಾರು ದಿನಗಳಲ್ಲಿ ಬೇಸತ್ತು ದೂರ ಸರಿಯುತ್ತಾಳೆ. ಮಕ್ಕಳಿಗೆಂದೇ ರೂಪುಗೊಂಡ ಮಿನಿ ಬಾಸ್ಕೆಟ್‌ಬಾಲ್‌ನಲ್ಲಿ ರಿಂಗಿನ ಎತ್ತರ 2.60 ಮೀಟರ್, ಚೆಂಡು 5ನೆಯ ಅಳತೆಯದು. ಊರಿನ ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಡಬಲ್ಲ ಕೆಲಸವಿದು.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆಯನ್ನೂ, ವಾರಕ್ಕೆ ಕನಿಷ್ಠ ಮೂರು ದಿನ ಎಲುಬು-ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. ಓಟ, ನೆಗೆತ, ಥಟ್ಟನೆಯ ನಿಲುಗಡೆ ಎಲ್ಲವೂ ಈ ಆಟದಲ್ಲಿ ಕೂಡಿವೆ. ಎಲುಬಿನ ಗಟ್ಟಿತನದ ಬಹುಪಾಲು ಸಂಚಯವಾಗುವುದು ಬಾಲ್ಯ ಮತ್ತು ಹರೆಯದಲ್ಲಿ. ಹೆಣ್ಣುಮಕ್ಕಳನ್ನು ಎಂಟನೆಯ ತರಗತಿಯ ಹೊತ್ತಿಗೆ ಅಂಗಳದಿಂದ ಒಳಗೆ ಕರೆಯುವ ನಮ್ಮ ರೂಢಿಯ ಬೆಲೆಯನ್ನು ಅವರು ಐವತ್ತರ ನಂತರ ಮೂಳೆ ಸವೆತದ ರೂಪದಲ್ಲಿ ತೆರಬೇಕಾದೀತು. ಈ ವಿಷಯದಲ್ಲಿ ಶಾಲೆಗಿಂತ ಪಾಲಕರಾದ ನಾವೇ ಹೆಚ್ಚು ಹೊಣೆಗಾರರು.

ಎತ್ತರದ ರಿಂಗ್ ಹಾಗೆಯೇ ಇರಲಿ, ಪಕ್ಕದಲ್ಲಿ ಗಿಡ್ಡದೊಂದು ನಿಲ್ಲಲಿ. ಸಂಜೆಯ ಒಂದು ತಾಸು ಆ ಅಂಗಳ ಹುಡುಗಿಯರಿಗೆ ಮೀಸಲಾಗಿರಲಿ.