ಗಾಜಿನ ಕಪಾಟಿನ ಶಾಂತಲೆ

ಕನ್ನಡದ ಹಳೆಯ ಐತಿಹಾಸಿಕ ಕಾದಂಬರಿಗಳ ಮೊದಲ ಮುದ್ರಣಗಳಿಗೆ ಈಗ ಒಂದು ಮಾರುಕಟ್ಟೆ ಹುಟ್ಟಿಕೊಂಡಿದೆ. ಮೂಲ ರಕ್ಷಾಪುಟ ಹರಿಯದೆ ಉಳಿದಿದ್ದರೆ ಒಂದು ಬೆಲೆ, ಲೇಖಕರ ಹಸ್ತಾಕ್ಷರವಿದ್ದರೆ ಇನ್ನೊಂದು ಬೆಲೆ. ಪುಟ ತೆರೆದ ಗುರುತೇ ಇಲ್ಲದ ಪ್ರತಿಗೆ ಎಲ್ಲಕ್ಕಿಂತ ಹೆಚ್ಚಿನ ಬೆಲೆ. ಇದನ್ನು ನೋಡಿ ಕೆಲವರು ಹೊಸದಾಗಿಯೇ ಚಿನ್ನದ ಅಂಚಿನ, ಸಂಖ್ಯೆ ನಮೂದಿಸಿದ 'ಸಂಗ್ರಾಹಕರ ಆವೃತ್ತಿ'ಗಳ ಮಾತನಾಡುತ್ತಿದ್ದಾರೆ. ಸಾಹಿತ್ಯಪ್ರೀತಿಯ ಹೆಸರಿನಲ್ಲಿ ನಡೆಯುವ ಈ ವ್ಯವಹಾರಕ್ಕೆ ನನ್ನ ಸ್ಪಷ್ಟ ವಿರೋಧವಿದೆ. ಅದರಲ್ಲೂ ಒಂದು ಅಲ್ಪಸಂಖ್ಯಾತ ಧರ್ಮದ ಚರಿತ್ರೆಯನ್ನು ವಸ್ತುವಾಗಿ ಉಳ್ಳ ಕಾದಂಬರಿಯ ಮಟ್ಟಿಗೆ ಇದು ಕೇವಲ ಅಭಿರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಉದಾಹರಣೆಗೆ ಶಾಂತಲೆಯನ್ನೇ ತೆಗೆದುಕೊಳ್ಳೋಣ. ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಾದೇವಿಯಾದ ಈಕೆಯನ್ನು ಕನ್ನಡಿಗರು ಬಹುಮಟ್ಟಿಗೆ ಅರಿತಿರುವುದು ಕಾದಂಬರಿಗಳ ಮೂಲಕ. ವ್ಯಾಯಾಮಾಚಾರ್ಯರೆಂದು ಹೆಸರಾದ ಕೆ.ವಿ. ಅಯ್ಯರ್ ಅವರ 'ಶಾಂತಲಾ' ಎರಡು ಮೂರು ತಲೆಮಾರುಗಳ ಓದುಗರ ಮನಸ್ಸಿನಲ್ಲಿ ಆಕೆಯ ಚಿತ್ರವನ್ನು ಅಚ್ಚೊತ್ತಿತು. ಬಳಿಕ ಸಿ.ಕೆ. ನಾಗರಾಜರಾಯರ ಬೃಹತ್ ಕೃತಿ 'ಪಟ್ಟಮಹಾದೇವಿ ಶಾಂತಲದೇವಿ' ಬಂದಿತು. ಭಾರತೀಯ ಜ್ಞಾನಪೀಠವು 1983ರ ಮೂರ್ತಿದೇವಿ ಪುರಸ್ಕಾರವನ್ನು, ಆ ಪ್ರಶಸ್ತಿಯ ಸಾಲಿನಲ್ಲಿ ಮೊದಲನೆಯದನ್ನು, ಈ ಕಾದಂಬರಿಗೆ ನೀಡಿತು. ಇಬ್ಬರು ಲೇಖಕರ ಶಾಂತಲೆಯರ ನಡುವೆ ದೊಡ್ಡ ಅಂತರವಿದೆ. ಆ ಅಂತರವನ್ನು ಅಳೆಯುವ ಕೋಲು ಯಾವುದು? ಶಾಸನಗಳು. ಆದರೆ ಕಾದಂಬರಿಯನ್ನು ಕೈಗೆತ್ತಿಕೊಳ್ಳುವ ಓದುಗನಿಗೆ ಆ ಕೋಲನ್ನು ಕೊಡುವವರು ಯಾರು?

ಶಾಸನಗಳು ಹೇಳುವುದಿಷ್ಟು. ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ; ತಾಯಿ ಮಾಚಿಕಬ್ಬೆ ಜೈನೆ. ಶಾಂತಲೆ ಪ್ರಭಾಚಂದ್ರ ಸಿದ್ಧಾಂತದೇವರ ಶಿಷ್ಯೆ. 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಶಾಂತಿನಾಥನನ್ನು ಪ್ರತಿಷ್ಠಾಪಿಸಿದಳು. 1131ರಲ್ಲಿ ಶಿವಗಂಗೆಯಲ್ಲಿ ಮುಡಿಪಿದಳು. ಮಗಳ ಮರಣಾನಂತರ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಒಂದು ತಿಂಗಳ ಉಪವಾಸವ್ರತ ಕೈಕೊಂಡು ದೇಹವನ್ನು ಬಿಟ್ಟಳು. ಇನ್ನು ಜನಜನಿತ ಕಥೆಯ ಪ್ರಕಾರ ರಾಣಿ ಶಿವಗಂಗೆಯ ಬೆಟ್ಟದ ತುದಿಯಿಂದ ಧುಮುಕಿದಳು. ಪ್ರವಾಸಿಗಳಿಗೆ ಆ ಸ್ಥಳವನ್ನು ಇಂದಿಗೂ ತೋರಿಸುತ್ತಾರೆ. ಶಾಸನದಲ್ಲಿ ಧುಮುಕಿದ ಮಾತಿಲ್ಲ. 'ಮುಡಿಪು' ಎಂಬ ಕ್ರಿಯಾಪದವು ಬೆಳಗೊಳದ ಪ್ರಾಚೀನ ನಿಸಿದಿ ಶಾಸನಗಳಲ್ಲಿ ವ್ರತಪೂರ್ವಕವಾಗಿ ಬದುಕನ್ನು ಮುಗಿಸುವುದಕ್ಕೆ ಮತ್ತೆ ಮತ್ತೆ ಬರುವ ಮಾತು. ಆ ಪದದ ಹಿನ್ನೆಲೆಯನ್ನು ಅರಿಯದ ಓದುಗ ಅದನ್ನು ಹತಾಶೆಯ ಆತ್ಮಹತ್ಯೆಯೆಂದು ತಿಳಿದರೆ ತಪ್ಪು ಅವನದಲ್ಲ. ಅವನಿಗೆ ಟಿಪ್ಪಣಿಯಿಲ್ಲದ ಪುಸ್ತಕವನ್ನು ಕೊಟ್ಟವರದು.

ವಿಷ್ಣುವರ್ಧನನ ಮತಾಂತರದ ವಿಷಯವೂ ಹೀಗೆಯೇ. ರಾಮಾನುಜಾಚಾರ್ಯರ ಪ್ರಭಾವದಿಂದ ಅರಸ ವೈಷ್ಣವನಾದ, ಜೈನರನ್ನು ಕೈಬಿಟ್ಟ ಎಂಬ ಕಥೆ ಪಠ್ಯಪುಸ್ತಕದಷ್ಟೇ ಕಾದಂಬರಿ, ನಾಟಕಗಳಿಂದಲೂ ಹರಡಿದೆ. 1117ರಲ್ಲಿ ಬೇಲೂರಿನ ಕೇಶವದೇವಾಲಯ ನಿರ್ಮಾಣಗೊಂಡದ್ದು ನಿಜ. 1133ರಲ್ಲಿ ಹಳೇಬೀಡಿನಲ್ಲಿ ಪಾರ್ಶ್ವನಾಥನ ಪ್ರತಿಷ್ಠೆಯಾದಾಗ ಅದರ ಪ್ರಸಾದವನ್ನು ಅರಸ ಭಕ್ತಿಯಿಂದ ಸ್ವೀಕರಿಸಿ, ಯುದ್ಧವಿಜಯ ಹಾಗೂ ಪುತ್ರೋದಯಗಳ ಸಂತೋಷದಲ್ಲಿ ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟದ್ದೂ ಅಷ್ಟೇ ನಿಜ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡುವ ಓದುಗನಿಗೆ ಕಾದಂಬರಿಕಾರ ಎಲ್ಲಿ ಶಾಸನವನ್ನು ಅನುಸರಿಸಿದ್ದಾನೆ, ಎಲ್ಲಿ ಐತಿಹ್ಯವನ್ನು ನಂಬಿದ್ದಾನೆ, ಎಲ್ಲಿ ತನ್ನ ಕಲ್ಪನೆಯಿಂದ ತುಂಬಿದ್ದಾನೆ ಎಂಬುದು ತಿಳಿಯುತ್ತದೆ. ಕಲ್ಪಿಸುವ ಹಕ್ಕು ಕಾದಂಬರಿಕಾರನಿಗೆ ಪೂರ್ಣವಾಗಿ ಇದೆ. ಕಲ್ಪನೆಯನ್ನು ಕಲ್ಪನೆಯೆಂದು ಗುರುತಿಸುವ ಹಕ್ಕು ಓದುಗನಿಗೂ ಇರಬೇಕು.

ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಅಮೆರಿಕದಲ್ಲಿ ಮಾರ್ಮನ್ ಪಂಥದ ಆರಂಭಕಾಲವನ್ನು ಕುರಿತು ವಾರ್ಡಿಸ್ ಫಿಶರ್ ಬರೆದ 'ಚಿಲ್ಡ್ರನ್ ಆಫ್ ಗಾಡ್' ಎಂಬ ಐತಿಹಾಸಿಕ ಕಾದಂಬರಿ 1939ರಲ್ಲಿ ಹಾರ್ಪರ್ ಬಹುಮಾನ ಪಡೆಯಿತು. ಐಡಾಹೋ ಪ್ರಾಂತದ ಮಾರ್ಮನ್ ಕುಟುಂಬದಲ್ಲಿ ಹುಟ್ಟಿ ಆ ನಂಬಿಕೆಯಿಂದ ದೂರ ಸರಿದವನು ಫಿಶರ್. 1844ರಲ್ಲಿ ಉದ್ರಿಕ್ತ ಗುಂಪಿನ ಕೈಯಲ್ಲಿ ಹತನಾದ ಜೋಸೆಫ್ ಸ್ಮಿತ್, ಅನುಯಾಯಿಗಳನ್ನು ಪಶ್ಚಿಮಕ್ಕೆ ಕರೆದೊಯ್ದ ಬ್ರಿಗಮ್ ಯಂಗ್, ಇವರ ಚರಿತ್ರೆಯನ್ನು ಅನೇಕ ಹೊರಗಿನವರು ಅರಿತದ್ದು ಇಂಥ ಕಾದಂಬರಿಗಳಿಂದಲೇ. ಇಂದು ಹಳೆಯ ಪುಸ್ತಕದ ವ್ಯಾಪಾರಿಗಳ ಪಟ್ಟಿಯಲ್ಲಿ ಆ ಕೃತಿಯ ವಿವರಣೆ ಹೇಗಿರುತ್ತದೆ? ಮೊದಲ ಮುದ್ರಣ ಹೌದೋ ಅಲ್ಲವೋ, ಹೊದಿಕೆ ಕಾಗದ ಉಳಿದಿದೆಯೋ, ಬೆನ್ನು ಮಾಸಿದೆಯೋ. ಒಂದು ಸಮುದಾಯದ ಪ್ರಾಣಸಂಕಟದ ಕಥೆ ಅಲ್ಲಿ ರಟ್ಟು, ದಾರ, ಅಂಟುಗಳ ವರದಿಯಾಗುತ್ತದೆ. ಶಾಂತಲೆಗೂ ಇದೇ ಗತಿ ಬರಬೇಕೆ?

ಜೈನ ಪರಂಪರೆಯನ್ನು ಅರಿತವರಿಗೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗಿ ತಾಗಬೇಕು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೆಂದರೆ ಗ್ರಂಥವನ್ನು ಪ್ರತಿ ಮಾಡಿಸಿ ಓದುವವರ ಕೈಗೆ ಸೇರಿಸುವುದು. ಲಕ್ಕುಂಡಿಯ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ವನ್ನು ಸಾವಿರ ಪ್ರತಿ ಬರೆಸಿ ಹಂಚಿದಳೆಂಬುದು ಕನ್ನಡದ ಪ್ರತಿ ವಿದ್ಯಾರ್ಥಿಗೂ ಗೊತ್ತು. ಒಂದೊಂದು ಗರಿಯನ್ನೂ ಕಂಠದಿಂದ ಕೊರೆಯಬೇಕಾಗಿದ್ದ ಹತ್ತನೆಯ ಶತಮಾನದಲ್ಲಿ ಆಕೆಗೆ ಗ್ರಂಥದ ಗೌರವವು ಪ್ರತಿಗಳ ಹೆಚ್ಚಳದಲ್ಲಿ ಕಂಡಿತು. ಗಂಟೆಗೆ ಸಾವಿರಾರು ಹಾಳೆಗಳನ್ನು ಅಚ್ಚುಹಾಕುವ ಯಂತ್ರವಿರುವ ನಾವು ನೂರೇ ಪ್ರತಿ ಮುದ್ರಿಸಿ, ಸಂಖ್ಯೆ ಹಾಕಿ, ಕೊರತೆಯನ್ನು ಬೇಕೆಂದೇ ಸೃಷ್ಟಿಸಿ ಅದನ್ನು ಗೌರವವೆಂದು ಕರೆಯುತ್ತೇವೆ.

ಅತ್ತಿಮಬ್ಬೆಯ ದಾರಿಯನ್ನು ಬಿಟ್ಟಾಗ ಆದ ನಷ್ಟದ ಅನುಭವವೂ ನಮಗಿದೆ. ಷಟ್ಖಂಡಾಗಮ ಹಾಗೂ ಅದಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಓಲೆಪ್ರತಿಗಳು ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಸುರಕ್ಷಿತವಾಗಿ ಉಳಿದವು. ದೂರದ ಯಾತ್ರಿಕರು ಬಂದು ಅವುಗಳ ದರ್ಶನ ಮಾಡಿ, ಕೈಮುಗಿದು ಹಿಂದಿರುಗುತ್ತಿದ್ದರು. ಓದುವವರು ಮಾತ್ರ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಸಂಪುಟಗಳು ಹೊರಬರತೊಡಗಿದವು; ಧವಲಾ 16 ಸಂಪುಟಗಳಲ್ಲಿ ಪೂರ್ಣವಾಯಿತು. ದಿಗಂಬರ ಕರ್ಮಸಿದ್ಧಾಂತದ ಆಧುನಿಕ ಅಧ್ಯಯನ ಗಟ್ಟಿಯಾದ ನೆಲೆಯ ಮೇಲೆ ನಿಂತದ್ದು ಆಮೇಲೆ. ಅಷ್ಟು ಕಾಲ ಆ ಓಲೆಗಳನ್ನು ಕಾಪಾಡಿದವರಿಗೆ ನಾವು ಋಣಿಗಳು. ಆದರೆ ಕಾಪಾಡಿದ್ದರಷ್ಟಕ್ಕೇ ಗ್ರಂಥ ಬದುಕಲಿಲ್ಲ, ಪ್ರತಿಯಾದಾಗ ಬದುಕಿತು.

ಸಂಗ್ರಾಹಕರ ಪರವಾಗಿ ಹೇಳಬಹುದಾದ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಮೊದಲ ಮುದ್ರಣವು ಗ್ರಂಥಸಂಪಾದನೆಗೆ ಅನಿವಾರ್ಯ ಆಕರ. ಮರುಮುದ್ರಣಗಳಲ್ಲಿ ಲೇಖಕರ ಮುನ್ನುಡಿ ಬಿಟ್ಟುಹೋಗುವುದು, ಸಾಲುಗಳು ಜಾರುವುದು, ಅಚ್ಚಿನ ತಪ್ಪುಗಳೇ ಪಾಠವಾಗಿ ನಿಲ್ಲುವುದು ಕನ್ನಡ ಪ್ರಕಟಣಲೋಕದಲ್ಲಿ ಸಾಮಾನ್ಯ. ಗ್ರಂಥಾಲಯಗಳು ಹಳೆಯ ಪ್ರತಿಗಳನ್ನು ತೂಕಕ್ಕೆ ಹಾಕಿದಾಗ ಅವನ್ನು ಎತ್ತಿ ಉಳಿಸಿದವರು ಅನೇಕ ವೇಳೆ ಇದೇ ಹವ್ಯಾಸಿಗಳು. ಸರಿ, ಹಾಗಾದರೆ ಆ ಆಕರವನ್ನು ಸಂಶೋಧಕನಿಗೆ ತೆರೆದು ತೋರಿಸಲಿ. ಪುಟ ತೆರೆದರೆ ಬೆಲೆ ಇಳಿಯುತ್ತದೆಂದು ಹೆದರುವವನ ಬಳಿ ಇರುವ ಮೊದಲ ಮುದ್ರಣವು ವಿದ್ವತ್ತಿನ ಪಾಲಿಗೆ ಇಲ್ಲದುದಕ್ಕೆ ಸಮ.

ನಮ್ಮ ಹಾವೇರಿ ಜಿಲ್ಲೆಯವರು ಈ ವಿಷಯದಲ್ಲಿ ಮಾತನಾಡುವುದಕ್ಕೆ ವಿಶೇಷ ಕಾರಣವಿದೆ. ಕನ್ನಡ ಐತಿಹಾಸಿಕ ಕಾದಂಬರಿಯ ಮೊದಲಿಗರಲ್ಲಿ ಒಬ್ಬರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದವರು. ಆ ಊರಿನ ಹೆಸರೇ ಅವರ ಹೆಸರಾಯಿತು. 1923ರಲ್ಲಿ ಅವರ 'ಮಾಧವ ಕರುಣಾವಿಲಾಸ' ಪ್ರಕಟವಾಯಿತು. ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ, ಓದುವ ರೂಢಿಯೇ ಇಲ್ಲದ ಮನೆಗಳಿಗೆ ಪುಸ್ತಕ ಮುಟ್ಟಿಸಿದವರು ಅವರು. ಅವರು ತೀರಿಕೊಂಡದ್ದು 1942ರಲ್ಲಿ. ಲೇಖಕನ ನಿಧನಾನಂತರದ 60 ವರ್ಷಗಳ ಹಕ್ಕುಸ್ವಾಮ್ಯ 2002ರ ಅಂತ್ಯಕ್ಕೇ ಮುಗಿಯಿತು. ಇಂದು ಅವರ ಕೃತಿಗಳನ್ನು ಅಚ್ಚುಹಾಕಲು ಯಾರ ಅಪ್ಪಣೆಯೂ ಬೇಡ. ಆ ಗಂಟು ಈಗ ಬಿಚ್ಚಬಾರದ ಪೊಟ್ಟಣವಾದರೆ ಅದು ಗಳಗನಾಥರಿಗೆ ಮಾಡುವ ಗೌರವವೇ?

ಚಿಕ್ಕೇರೂರಿನ ಒಬ್ಬ ವಿದ್ಯಾರ್ಥಿನಿ ಕನ್ನಡ ಕಾದಂಬರಿಗಳಲ್ಲಿ ಜೈನರ ಚಿತ್ರಣವೆಂಬ ವಿಷಯವನ್ನು ಸಂಶೋಧನೆಗೆ ಆರಿಸಿಕೊಂಡಳೆನ್ನಿ. ಆಕೆಗೆ ಬೇಕಾದದ್ದು ಚರ್ಮದ ಹೊದಿಕೆಯಲ್ಲ. ಬೇರೆ ಬೇರೆ ಮುದ್ರಣಗಳನ್ನು ಹೋಲಿಸಿ ಸಿದ್ಧಪಡಿಸಿದ ಪಾಠ ಬೇಕು. ಲೇಖಕರ ಎಲ್ಲ ಮುನ್ನುಡಿಗಳೂ ಅದರಲ್ಲಿರಬೇಕು. ಕಥೆಗೆ ಆಧಾರವಾದ ಶಾಸನಗಳ ಪಾಠ ಮತ್ತು ತಾತ್ಪರ್ಯ ಅನುಬಂಧವಾಗಿ ಬರಬೇಕು. ದೃಢಪಟ್ಟ ಘಟನೆ, ಐತಿಹ್ಯ, ಕಲ್ಪನೆ ಈ ಮೂರನ್ನೂ ಬೇರ್ಪಡಿಸಿ ತೋರುವ ಕಾಲಾನುಕ್ರಮಣಿಕೆ ಇರಬೇಕು. ಸಲ್ಲೇಖನ, ಸನ್ಯಸನ, ಮುಡಿಪು, ನಿಸಿದಿ ಮೊದಲಾದ ಮಾತುಗಳ ಅರ್ಥಕೋಶ ಇರಬೇಕು. ಇಷ್ಟೆಲ್ಲವೂ ಸಾಧಾರಣ ಕಾಗದದಲ್ಲಿ, ಆಕೆಯ ವಿದ್ಯಾರ್ಥಿವೇತನಕ್ಕೆ ನಿಲುಕುವ ಬೆಲೆಯಲ್ಲಿ ದೊರೆಯಬೇಕು. ಹಕ್ಕುದಾರರಿರುವ ಕೃತಿಗಳಿಗೆ ಅವರ ಸಮ್ಮತಿ ಪಡೆದು, ಇಲ್ಲದವುಗಳಿಗೆ ಇಂದೇ, ಈ ಕೆಲಸವನ್ನು ಕೈಗೊಳ್ಳಬಹುದು. ವಿಶ್ವವಿದ್ಯಾಲಯಗಳ ಜೈನಶಾಸ್ತ್ರ ಹಾಗೂ ಕನ್ನಡ ಅಧ್ಯಯನ ವಿಭಾಗಗಳಲ್ಲಿ ಇದಕ್ಕೆ ತಕ್ಕ ವಿದ್ವಾಂಸರಿದ್ದಾರೆ. ಅಲಂಕೃತ ಆವೃತ್ತಿಗಳಿಗೆ ಹಣ ತೆರಬಲ್ಲ ಶ್ರಾವಕರೂ ನಮ್ಮಲ್ಲಿದ್ದಾರೆ.

ಆ ಶ್ರಾವಕರಲ್ಲಿ ನನ್ನ ವಿನಂತಿ ಇಷ್ಟೇ: ಸಂಖ್ಯೆ ಹಾಕಿದ ಒಂದು ಪ್ರತಿಗೆ ತೆರುವ ಬೆಲೆಯಲ್ಲಿ ಎಷ್ಟು ಕಾಲೇಜುಗಳಿಗೆ ಟಿಪ್ಪಣಿಸಹಿತವಾದ ಶಾಂತಲೆಯನ್ನು ಕಳುಹಿಸಬಹುದೆಂದು ಒಮ್ಮೆ ಲೆಕ್ಕ ಹಾಕಿ. ಅತ್ತಿಮಬ್ಬೆ ಆ ಲೆಕ್ಕವನ್ನು ಸಾವಿರ ವರ್ಷಗಳ ಹಿಂದೆಯೇ ಮಾಡಿ ತೋರಿಸಿದ್ದಾಳೆ.